ಆಸ್ಪತ್ರೆಯ ವಾರ್ಡೋ, ರೋಗಿಯ ಮನೆಯೋ?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಮತ್ತು ಪ್ಲಸ್ ಟು ಫಲಿತಾಂಶಗಳು ಪ್ರಕಟವಾದ ಹದಿನೈದು ದಿನಗಳೊಳಗೆ ನಮ್ಮ ಶಾಲೆಯ ಜಗಲಿಗೆ ತಂದೆತಾಯಂದಿರು ಬರತೊಡಗುತ್ತಾರೆ. ಹೆಚ್ಚು ಅಂಕ ಗಳಿಸಿದ ಮಕ್ಕಳ ಹೆತ್ತವರು ಬರುವುದು ಕಡಿಮೆ. ಅವರಿಗೆ ದಾರಿಯನ್ನು ಅಂಕಪಟ್ಟಿಯೇ ತೋರಿಸುತ್ತದೆ. ಬರುವವರು ಬೀಡಿ ಕಟ್ಟುವ ತಾಯಂದಿರು, ಅಡಿಕೆ ತೋಟಗಳಲ್ಲಿ ಕೂಲಿಗೆ ಹೋಗುವ ತಂದೆಯಂದಿರು, ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಓದಿಸುವಷ್ಟು ಹಣವಿಲ್ಲದವರು. ಹಿಂದೆ ಅವರ ಪ್ರಶ್ನೆ "ಮಾಷ್ಟ್ರೇ, ಇವಳಿಗೆ ಮುಂದೇನು?" ಎಂದಿರುತ್ತಿತ್ತು. ಈಚಿನ ವರ್ಷಗಳಲ್ಲಿ ಪ್ರಶ್ನೆ ಇನ್ನಷ್ಟು ನಿರ್ದಿಷ್ಟವಾಗಿದೆ. "ಮಗಳು ನರ್ಸಿಂಗ್ ಅಸಿಸ್ಟೆಂಟ್ ಕೋರ್ಸು ಮುಗಿಸಿದ್ದಾಳೆ ಮಾಷ್ಟ್ರೇ. ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಉಂಟಂತೆ. ತೆಂಕಣದ ಏಜೆನ್ಸಿಯವರು ಹೋಂ ನರ್ಸ್ ಕೆಲಸ ಕೊಡುತ್ತಾರಂತೆ, ಅದರಲ್ಲಿ ಸಂಬಳ ಹೆಚ್ಚಂತೆ. ಯಾವುದಕ್ಕೆ ಕಳುಹಿಸಲಿ?"

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಆದುದರಿಂದ ನಮಗೆ ತಿಳಿದುದನ್ನು, ನಮ್ಮಲ್ಲಿ ಕಲಿತು ಈ ಕೆಲಸಕ್ಕೆ ಹೋದ ಮಕ್ಕಳು ಬಂದು ಹೇಳಿದುದನ್ನು ಸೇರಿಸಿ ಈ ಪುಟಗಳಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ಕಾಸರಗೋಡು ಪ್ರದೇಶದ ನಮಗೆ ಈ ಪ್ರಶ್ನೆ ಎದುರಾಗುವುದಕ್ಕೆ ಕಾರಣಗಳಿವೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳು ಬಹುಕಾಲ ಇರಲಿಲ್ಲ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದುದು 2013ರಲ್ಲಿ. ಅದರ ಕಟ್ಟಡದಲ್ಲಿ ರೋಗಿಗಳನ್ನು ಮಲಗಿಸಿದ್ದು 2020ರ ಕೋವಿಡ್ ಕಾಲದಲ್ಲಿ. ಅದಕ್ಕೂ ಮೊದಲು, ನಮ್ಮ ಅಜ್ಜಂದಿರ ಕಾಲದಿಂದಲೂ, ಕಾಯಿಲೆ ಬಿಗಡಾಯಿಸಿತೆಂದರೆ ಮಂಗಳೂರೇ ಗತಿ. 1848ರಷ್ಟು ಹಳೆಯದಾದ ವೆನ್ಲಾಕ್, 1880ರಲ್ಲಿ ಬಡವರ ಔಷಧಾಲಯವಾಗಿ ಕಂಕನಾಡಿಯಲ್ಲಿ ಮೊದಲಾದ ಫಾದರ್ ಮುಲ್ಲರ್, 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಇವುಗಳ ಸುತ್ತ ಬೆಳೆದ ಹತ್ತಾರು ಖಾಸಗಿ ಆಸ್ಪತ್ರೆಗಳು. ರೋಗಿಗಳು ಹೋದ ದಾರಿಯಲ್ಲೇ ಕೆಲಸ ಹುಡುಕುವ ನಮ್ಮ ಮಕ್ಕಳೂ ಹೋದರು. ಇದು ಬಡಗಣ ದಿಕ್ಕಿನ ಸೆಳೆತ.

ತೆಂಕಣ ದಿಕ್ಕಿನ ಸೆಳೆತ ಬೇರೆ ಬಗೆಯದು. 2011ರ ಜನಗಣತಿಯಲ್ಲಿ ಅರುವತ್ತು ದಾಟಿದವರ ಪ್ರಮಾಣ ದೇಶದಲ್ಲಿ ನೂರಕ್ಕೆ 8.6 ಆಗಿದ್ದರೆ ಕೇರಳದಲ್ಲಿ 12.6 ಇತ್ತು. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಬೆಂಗಳೂರಿನಲ್ಲಿ; ಊರಿನ ದೊಡ್ಡ ಮನೆಯಲ್ಲಿ ವಯಸ್ಸಾದ ದಂಪತಿಗಳು; ಅವರಲ್ಲೊಬ್ಬರು ಹಾಸಿಗೆ ಹಿಡಿದರೆ ನೋಡುವವರಿಲ್ಲ. ಈ ಅಭಾವದಿಂದಲೇ ಹೋಂ ನರ್ಸ್ ಎಂಬ ಉದ್ಯೋಗ ಕೇರಳದಲ್ಲಿ ಹುಟ್ಟಿ ಬೆಳೆಯಿತು. ಹೆಸರು ಹೋಂ ನರ್ಸ್ ಎಂದಿದ್ದರೂ ಅವರಲ್ಲಿ ಬಹುಮಂದಿ ಕಾನೂನಿನ ಅರ್ಥದಲ್ಲಿ ನರ್ಸುಗಳಲ್ಲ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಪರಿಹರಿಸಿಕೊಳ್ಳುವುದು ಲೇಸು. ಎ.ಎನ್.ಎಂ. ಎರಡು ವರ್ಷದ ಓದು, ಜಿ.ಎನ್.ಎಂ. ಮೂರು ವರ್ಷದ್ದು, ಬಿ.ಎಸ್ಸಿ. ನಾಲ್ಕು ವರ್ಷದ್ದು, ಇವನ್ನು ಮುಗಿಸಿದವರ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲಿನ ದಾಖಲೆಯಲ್ಲಿ ಬರೆಯಲ್ಪಡುತ್ತದೆ. ಕೆಲವೇ ತಿಂಗಳ ತರಬೇತಿಯಾದ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಂ ಹೆಲ್ತ್ ಏಡ್ ಮುಂತಾದವುಗಳಿಗೆ ಆ ನೋಂದಣಿ ಇಲ್ಲ. ಅವು ಕೌಶಲ್ಯದ ಪ್ರಮಾಣಪತ್ರಗಳು. ರೋಗಿಯನ್ನು ಮೀಯಿಸುವುದು, ಉಣ್ಣಿಸುವುದು, ಎತ್ತಿ ಕೂರಿಸುವುದು, ಜ್ವರ ಮತ್ತು ರಕ್ತದೊತ್ತಡ ನೋಡಿ ಬರೆದಿಡುವುದು ಇವುಗಳ ವ್ಯಾಪ್ತಿ. "ಇದು ನರ್ಸಿಂಗಿಗೆ ಸಮಾನ, ಮುಂದೆ ಒಂದು ವರ್ಷ ಓದಿದರೆ ಪೂರ್ಣ ನರ್ಸ್ ಆಗಬಹುದು" ಎಂದು ಯಾವ ಸಂಸ್ಥೆಯವರಾದರೂ ಹೇಳಿದರೆ ಅಲ್ಲಿ ಶುಲ್ಕ ಕಟ್ಟದೆ ಎದ್ದು ಬರುವುದು ಕ್ಷೇಮ. ಸಹಾಯಕಿಯಾಗಿ ಹತ್ತು ವರ್ಷ ದುಡಿದರೂ ಎ.ಎನ್.ಎಂ. ಓದಿನಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಪ್ಲಸ್ ಟು ತೇರ್ಗಡೆಯಾದ, ಇನ್ನೂ ಓದಬಲ್ಲ ಹುಡುಗಿಯಿದ್ದರೆ ಸಾಲ ಮಾಡಿಯಾದರೂ ಆ ದಾರಿಯನ್ನೇ ಮೊದಲು ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದು ಸಾಧ್ಯವಿಲ್ಲದವರಿಗಾಗಿಯೇ ಮುಂದಿನ ಮಾತುಗಳು.

ಮನೆಗೆ ಹೋಗಿ ರೋಗಿಯನ್ನು ನೋಡಿಕೊಳ್ಳುವುದು ಆಸ್ಪತ್ರೆಯ ಕೆಲಸಕ್ಕಿಂತ ಕೀಳು ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಆಸ್ಪತ್ರೆಯಲ್ಲಿ ಸಮವಸ್ತ್ರವಿದೆ, ಗುರುತಿನ ಚೀಟಿಯಿದೆ, ಮನೆಯಲ್ಲಾದರೋ "ಕೆಲಸದವಳು". ಒಬ್ಬ ತಂದೆ ನಮ್ಮೆದುರು ತಲೆ ತಗ್ಗಿಸಿ, "ಪರರ ಮಲಮೂತ್ರ ತೆಗೆಯಲು ಮಗಳನ್ನು ಕಳುಹಿಸಿದನೆಂದು ನೆಂಟರು ಆಡಿಕೊಳ್ಳುತ್ತಾರೆ ಮಾಷ್ಟ್ರೇ" ಎಂದರು. ವಾರ್ಡಿನಲ್ಲಿಯೂ ತೆಗೆಯುವುದು ಅದನ್ನೇ ಎಂದು ನಾವು ನೆನಪಿಸಬೇಕಾಯಿತು. ಚರಿತ್ರೆಯನ್ನು ನೋಡಿದರೆ ಶುಶ್ರೂಷೆಯು ಮನೆಯಿಂದ ಆಸ್ಪತ್ರೆಗೆ ಹೋಯಿತೇ ಹೊರತು ಆಸ್ಪತ್ರೆಯಿಂದ ಮನೆಗೆ ಬಂದುದಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕವು ದಾದಿಯರಿಗಾಗಿ ಬರೆದುದಲ್ಲ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗಾಗಿ. ಲಂಡನ್ನಿನ ಸೈಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾದುದು ಅದರ ಮರುವರ್ಷ. ಅದೇ ಕಾಲದಲ್ಲಿ ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನ್, ತಮ್ಮ ಪತ್ನಿಯ ಕೊನೆಗಾಲದಲ್ಲಿ ಮನೆಗೆ ಬಂದು ಶುಶ್ರೂಷೆ ಮಾಡಿದ ಮೇರಿ ರಾಬಿನ್ಸನ್ ಎಂಬ ದಾದಿಯನ್ನು ಬಡವರ ಮನೆಗಳಿಗೂ ಕಳುಹಿಸಿದರು. ಊರಿನ ಮನೆಮನೆಗೆ ಹೋಗುವ ದಾದಿಯರ ಪದ್ಧತಿ ಹುಟ್ಟಿದ್ದು ಹಾಗೆ. ಆದುದರಿಂದ ಮೇಲು ಕೀಳಿನ ಮಾತನ್ನು ಇಲ್ಲಿಗೇ ಬಿಡೋಣ. ವ್ಯತ್ಯಾಸ ಬೇರೆ ಕಡೆ ಇದೆ.

ನಮ್ಮ ಇಬ್ಬರು ಹಳೆ ವಿದ್ಯಾರ್ಥಿನಿಯರ ವಿಷಯ ಹೇಳಿದರೆ ಅದು ಸ್ಪಷ್ಟವಾದೀತು. ಒಂದೇ ತರಗತಿಯವರು, ಒಂದೇ ತರಬೇತಿ ಕೇಂದ್ರದಲ್ಲಿ ಕಲಿತವರು. ಹೆಸರು ಬೇಡ. ಒಬ್ಬಳು ಮಂಗಳೂರಿನ ಆಸ್ಪತ್ರೆಗೆ ಸೇರಿದಳು, ಇನ್ನೊಬ್ಬಳು ಏಜೆನ್ಸಿಯ ಮೂಲಕ ಒಂದು ಮನೆಗೆ ಹೋದಳು.

ಆಸ್ಪತ್ರೆಗೆ ಸೇರಿದವಳು ಮೊದಲ ಮೂರು ತಿಂಗಳು ಅತ್ತುಕೊಂಡೇ ಇದ್ದಳೆಂದು ಅವಳ ತಾಯಿ ಹೇಳುತ್ತಿದ್ದರು. ಒಂದು ಡ್ಯೂಟಿಯಲ್ಲಿ ಹದಿನೈದು ಇಪ್ಪತ್ತು ರೋಗಿಗಳ ಹಾಸಿಗೆ, ಬೆಡ್‌ಪ್ಯಾನ್, ಎಕ್ಸ್‌ರೇ ಕೋಣೆಗೆ ಟ್ರಾಲಿ ತಳ್ಳುವುದು, ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು. ಒಬ್ಬ ರೋಗಿಯ ಹೆಸರು ಕಲಿಯುವಷ್ಟರಲ್ಲಿ ಅವರಿಗೆ ಡಿಸ್ಚಾರ್ಜ್. ಇನ್‌ಚಾರ್ಜ್ ಸಿಸ್ಟರಿನ ಗದರಿಕೆ ಬೇರೆ. ಆದರೆ ಆ ಗದರಿಕೆಯಲ್ಲೇ ಅವಳು ಕಲಿತಳು. ಮಲಗಿದ ರೋಗಿಯನ್ನು ಏಳಿಸದೆಯೇ ಹಾಸಿಗೆಯ ಹೊದಿಕೆ ಬದಲಿಸುವ ಬಗೆ, ಸೊಂಟಕ್ಕೆ ಪೆಟ್ಟಾಗದಂತೆ ಮೊಣಕಾಲು ಬಗ್ಗಿಸಿ ಭಾರ ಎತ್ತುವ ಬಗೆ, ಮೂತ್ರದ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗಿರಬೇಕೆಂಬ ನಿಯಮ, ಕುಡಿದ ನೀರು ಮತ್ತು ಹೋದ ಮೂತ್ರದ ಲೆಕ್ಕ ಬರೆಯುವ ಶಿಸ್ತು. 2016ರ ನಿಯಮದಂತೆ ಆಸ್ಪತ್ರೆಯ ಕಸಕ್ಕೆ ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರೆ ಬೇರೆ ಡಬ್ಬಗಳಿವೆ. ಸೂಜಿಯನ್ನು ಹಳದಿ ಚೀಲಕ್ಕೆ ಹಾಕಿದರೆ ಮಾರನೆಯ ದಿನ ಚುಚ್ಚುವುದು ಕಸ ಎತ್ತುವವರ ಕೈಗೆ. ಒಮ್ಮೆ ಸ್ನಾನಗೃಹದಲ್ಲಿ ರೋಗಿಯೊಬ್ಬರು ಕಣ್ಣು ಕತ್ತಲೆ ಬಂದು ಕುಸಿದರಂತೆ. ಇವಳು "ಸಿಸ್ಟರ್!" ಎಂದು ಕೂಗಿದಳು. ನಿಮಿಷದೊಳಗೆ ಮೂವರು ಬಂದರು, ನಾಲ್ಕನೆಯವರು ಡಾಕ್ಟರು.

ಮನೆಗೆ ಹೋದವಳಿಗೆ ಸಿಕ್ಕಿದ್ದು ಒಬ್ಬರೇ ರೋಗಿ: ಪಾರ್ಶ್ವವಾಯು ತಗಲಿದ ಎಂಬತ್ತು ದಾಟಿದ ಹವ್ಯಕ ಅಜ್ಜಿ. ಮೂಗಿನ ಕೊಳವೆಯ ಮೂಲಕ ಆಹಾರ. ಬಂದಾಗ ಬೆನ್ನಿನ ಕೆಳಭಾಗದಲ್ಲಿ ರೂಪಾಯಿ ಅಗಲದ ಹಾಸಿಗೆ ಹುಣ್ಣು ಇತ್ತು. ಹಗಲಿರುಳೆನ್ನದೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಾಸಿಗೆಯನ್ನು ಒಣಗಿಸಿ, ಪಂಚಾಯತಿನ ಉಪಶಮನ ಶುಶ್ರೂಷೆಯ ನರ್ಸ್ ತೋರಿಸಿಕೊಟ್ಟಂತೆ ಒಪ್ಪ ಮಾಡಿ, ಎರಡೂವರೆ ತಿಂಗಳಲ್ಲಿ ಆ ಹುಣ್ಣನ್ನು ಮಾಯಿಸಿದಳು. ವಾರ್ಡಿನ ಗಡಿಬಿಡಿಯಲ್ಲಿ ಒಬ್ಬ ಸಹಾಯಕಿಗೆ ಇಂಥ ಸಮಾಧಾನ ಸಿಗುವುದು ಅಪರೂಪ. ಅಜ್ಜಿಗೆ ಮಾತು ಹೆಚ್ಚು ಉಳಿದಿರಲಿಲ್ಲ. ಉಳಿದದ್ದರಲ್ಲಿ "ಕೂಸೇ" ಎಂಬುದೊಂದು. ಬೇರೆ ಊರಿನ ಹುಡುಗಿಗೆ ಅದು ಬರಿಯ ಸದ್ದು. ಇವಳಿಗಾದರೋ ಅದು ಕರೆ. ಮರೆವಿನ ರೋಗ ಹತ್ತಿದ ವೃದ್ಧರು ನಡುವಯಸ್ಸಿನಲ್ಲಿ ಕಲಿತ ಭಾಷೆಗಳನ್ನು ಮರೆತು ತಾಯ್ನುಡಿಗೆ ಹಿಂತಿರುಗುವುದುಂಟು. ಕನ್ನಡ, ತುಳು, ಮಲಯಾಳಗಳನ್ನು ಆಟದ ಬಯಲಲ್ಲೇ ಕಲಿತ ನಮ್ಮ ಗಡಿನಾಡಿನ ಮಕ್ಕಳಿಗೆ ಈ ಉದ್ಯೋಗದಲ್ಲಿರುವ ಬಲ ಅವರಿಗೇ ತಿಳಿದಂತಿಲ್ಲ. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ, ಕೆಲಸ ಕೇಳುವಾಗ ತನಗೆ ಬರುವ ಭಾಷೆಗಳನ್ನು ಅವಳು ಮೊದಲೇ ಹೇಳಬೇಕು.

ಅದೇ ಮನೆಯಲ್ಲಿ ಒಂದು ರಾತ್ರಿ ಕೊಳವೆಯಲ್ಲಿ ಗಂಜಿ ಕೊಟ್ಟ ಸ್ವಲ್ಪ ಹೊತ್ತಿಗೆ ಅಜ್ಜಿ ಕೆಮ್ಮತೊಡಗಿದರು, ಮುಖ ಕಪ್ಪಿಟ್ಟಿತು. ಹುಡುಗಿ ಕೊಳವೆಯ ಬಾಯಿ ಮುಚ್ಚಿ, ಅವರನ್ನು ಎತ್ತಿ ಕೂರಿಸಿ, ಬೆಂಗಳೂರಿನಲ್ಲಿದ್ದ ಮಗಳಿಗೂ 108ಕ್ಕೂ ಫೋನು ಮಾಡಿದಳು. ಮನೆಯಲ್ಲಿದ್ದ ಇನ್ನೊಬ್ಬರೆಂದರೆ ಕಿವಿ ಕೇಳಿಸದ ಅಜ್ಜ. ಆಂಬ್ಯುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಜ್ಜಿ ಬದುಕಿದರು. ಆದರೆ ಆ ಇಪ್ಪತ್ತೈದು ನಿಮಿಷ ತಾನು ಹೇಗಿದ್ದೆನೆಂದು ಹೇಳುವಾಗ, ವರ್ಷದ ಮೇಲೂ, ಅವಳ ಕೈ ನಡುಗುವುದನ್ನು ನಾವು ಕಂಡಿದ್ದೇವೆ. ಅವಳ ಕೈಯಲ್ಲಿ ತಪ್ಪೇನೂ ಆಗಿರಲಿಲ್ಲ. ತಲೆದಿಂಬು ಎತ್ತರಿಸಿಯೇ ಆಹಾರ ಕೊಟ್ಟಿದ್ದಳು. ಕೂಗಿದರೆ ಬರುವವರು ಯಾರೂ ಇರಲಿಲ್ಲ, ಅಷ್ಟೆ.

ಆಸ್ಪತ್ರೆಗೂ ಮನೆಗೂ ಇರುವ ನಿಜವಾದ ವ್ಯತ್ಯಾಸ ಇದೆಂದು ನಮ್ಮ ತಿಳಿವಳಿಕೆ. ಸಂಬಳ, ಸಮವಸ್ತ್ರ, ಮರ್ಯಾದೆ ಎಲ್ಲವೂ ಆಮೇಲಿನವು. ಏನಾದರೂ ಕೈಮೀರಿದ ಗಳಿಗೆಯಲ್ಲಿ ಪಕ್ಕದಲ್ಲಿ ಯಾರಿದ್ದಾರೆ? ವಾರ್ಡಿನಲ್ಲಿ ಹದಿನೆಂಟರ ಹುಡುಗಿ ತನಗಿಂತ ಹೆಚ್ಚು ಬಲ್ಲವರ ನಡುವೆ ಅತ್ಯಂತ ಕಿರಿಯಳು. ಮನೆಯಲ್ಲಿ ಅದೇ ಹುಡುಗಿ ಎಲ್ಲರಿಗಿಂತ ಹೆಚ್ಚು ಬಲ್ಲವಳೆಂದು ಮನೆಯವರು ನಂಬಿರುತ್ತಾರೆ. "ನೀನು ನರ್ಸಲ್ಲವೇ, ಇನ್ಸುಲಿನ್ ಚುಚ್ಚಲು ಹೆದರುವುದೇಕೆ?" ಎಂದು ಕೇಳುವವರಿದ್ದಾರೆ. ಮದ್ದಿನ ಪ್ರಮಾಣ ಬದಲಿಸಲು ವಿದೇಶದ ಮಗ ಫೋನಿನಲ್ಲೇ ಅಪ್ಪಣೆ ಕೊಡುವುದುಂಟು. ತನ್ನ ತರಬೇತಿಯ ಎಲ್ಲೆ ಇಷ್ಟೆಂದು ತಿಳಿದು, "ಅದು ನನ್ನ ಕೆಲಸವಲ್ಲ, ಡಾಕ್ಟರನ್ನು ಕೇಳಿ" ಎಂದು ದೃಢವಾಗಿ ಹೇಳಬಲ್ಲ ಧೈರ್ಯವು ಪುಸ್ತಕದಿಂದ ಬರುವುದಲ್ಲ. ಎರಡು ವರ್ಷ ವಾರ್ಡಿನಲ್ಲಿ ಪಳಗಿದವರಿಗೆ ಬರುತ್ತದೆ.

ಇನ್ನು ಹಣದ ವಿಷಯ. ನಾವು ಲೆಕ್ಕ ಕಲಿಸಿದವರಾದುದರಿಂದ ಕರಿಹಲಗೆಯ ಮೇಲೆ ಬರೆದಂತೆ ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಎಲ್ಲೆಡೆ ಇದೇ ಸಂಬಳವೆಂದು ತಿಳಿಯಬಾರದು. ಆಸ್ಪತ್ರೆ ತಿಂಗಳಿಗೆ 12,000 ರೂಪಾಯಿ ಕೊಡುತ್ತದೆ, ಮನೆಯವರು 18,000 ಕೊಡುತ್ತಾರೆ ಎನ್ನೋಣ. ಮೇಲ್ನೋಟಕ್ಕೆ ಮನೆಯದು ಒಂದೂವರೆ ಪಾಲು. ಆಸ್ಪತ್ರೆಯಲ್ಲಿ ದಿನಕ್ಕೆ 8 ಗಂಟೆಯಂತೆ 26 ದಿನ, ಒಟ್ಟು 208 ಗಂಟೆ. ಗಂಟೆಗೆ ಸುಮಾರು 58 ರೂಪಾಯಿ ಬಿತ್ತು. ಮನೆಯಲ್ಲಿ ರೋಗಿಯ ಕೋಣೆಯಲ್ಲೇ ಮಲಗಿ, ಕರೆದಾಗ ಏಳಬೇಕಾದ ಕೆಲಸ. 30 ದಿನ, 24 ಗಂಟೆ, ಒಟ್ಟು 720. ಗಂಟೆಗೆ 25 ರೂಪಾಯಿ. ನಿದ್ರೆಯೆಂದು ದಿನಕ್ಕೆ 8 ಗಂಟೆ ಕಳೆದರೂ 37 ರೂಪಾಯಿ 50 ಪೈಸೆ. ಅದಲ್ಲದೆ ಭವಿಷ್ಯನಿಧಿ ಮತ್ತು ಇ.ಎಸ್.ಐ. ಇರುವ ಆಸ್ಪತ್ರೆಯಾದರೆ ಹುಡುಗಿಯ ಕೈಯಿಂದ ಭವಿಷ್ಯನಿಧಿಗೆ 1,440 ರೂಪಾಯಿಯೂ ಇ.ಎಸ್.ಐ.ಗೆ 90 ರೂಪಾಯಿಯೂ ಮುರಿಯಲ್ಪಟ್ಟರೆ, ಆಸ್ಪತ್ರೆಯವರು ತಮ್ಮ ಕಡೆಯಿಂದ 1,440 ಮತ್ತು 390 ಸೇರಿಸಬೇಕು. ಕಾಯಿಲೆ ಬಿದ್ದರೆ ಇ.ಎಸ್.ಐ.ಯಲ್ಲಿ ಚಿಕಿತ್ಸೆಯಿದೆ, ನಿಗದಿತ ಅವಧಿಯ ಕಂತು ಸಂದವರಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ದೊರೆಯುತ್ತದೆ, ಹೆರಿಗೆಗೆ 26 ವಾರಗಳ ವೇತನವಿದೆ. ಮನೆಯಲ್ಲಿ ಕಾಯಿಲೆ ಬಿದ್ದರೆ ಏಜೆನ್ಸಿಯವರು ಬೇರೊಬ್ಬಳನ್ನು ಕಳುಹಿಸುತ್ತಾರೆ. ಅಲ್ಲಿಗೆ ಸಂಬಳ ನಿಂತಿತು. ರೋಗಿ ತೀರಿಕೊಂಡರೆ, ಆ ದುಃಖದ ದಿನವೇ ಕೆಲಸವೂ ಹೋಯಿತು.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಸರಿಯಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯವರು ಬೆಳಗಿನ ರೈಲಿಗೋ ಬಸ್ಸಿಗೋ ಹತ್ತಿ ಸಂಜೆ ಮನೆಗೆ ಮರಳಬಹುದು. ಅಡೂರು, ದೇಲಂಪಾಡಿಯ ಒಳನಾಡಿನ ಹುಡುಗಿ ಮಂಗಳೂರಿನಲ್ಲಿ ಕೋಣೆ ಹಿಡಿಯಬೇಕು. ಬಾಡಿಗೆ ಮತ್ತು ಊಟಕ್ಕೆ 5,000 ಹೋದರೆ ಕೈಗೆ ಬರುವ 10,470ರಲ್ಲಿ ಮನೆಗೆ ಕಳುಹಿಸಲು ಉಳಿಯುವುದು 5,470. ಅತ್ತ ಊಟ ವಸತಿ ರೋಗಿಯ ಮನೆಯಲ್ಲೇ ಆದುದರಿಂದ ಏಜೆನ್ಸಿಯ ಪಾಲು ಹೋಗಿ ಉಳಿದುದೆಲ್ಲ ಉಳಿತಾಯ. ಸಹಕಾರಿ ಬ್ಯಾಂಕಿನಿಂದ ಜಪ್ತಿ ನೋಟೀಸು ಬಂದಿರುವ ಮನೆಯ ಹುಡುಗಿಗೆ ಭವಿಷ್ಯನಿಧಿಯ ಮಹತ್ವವನ್ನು ಉಪದೇಶಿಸುವಷ್ಟು ಕಠಿಣ ಮನಸ್ಸು ನಮಗಿಲ್ಲ. ಅಂಥವಳು ಮನೆಗೆಲಸವನ್ನು ಆರಿಸಿದರೆ ಅದು ವಿವೇಕವೇ ಸರಿ. ಎಷ್ಟು ತಿಂಗಳು ಎಂಬುದನ್ನು ಮಾತ್ರ ಮೊದಲೇ ನಿಶ್ಚಯಿಸಿಕೊಳ್ಳಲಿ.

ಕಾನೂನಿನ ಆಸರೆಯೂ ಎರಡು ಕಡೆ ಒಂದೇ ತೆರನಾಗಿಲ್ಲ. 2017ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಒಗ್ಗೂಡಿ ಮುಷ್ಕರ ಹೂಡಿದುದರ ಫಲವಾಗಿ 2018ರ ಏಪ್ರಿಲಿನಲ್ಲಿ ಸರಕಾರ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿ ದಾದಿಯ ಮೂಲವೇತನವನ್ನು 20,000 ರೂಪಾಯಿಗೆ ನಿಗದಿಪಡಿಸಿತು. ನೂರು ಮಂದಿ ಒಂದೇ ಛಾವಣಿಯಡಿ ದುಡಿಯುವುದರಿಂದ ಅದು ಸಾಧ್ಯವಾಯಿತು. ನೂರು ಮನೆಗಳಲ್ಲಿ ಹಂಚಿಹೋದ ನೂರು ಹುಡುಗಿಯರು ಒಬ್ಬರನ್ನೊಬ್ಬರು ಕಾಣುವುದೇ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಸಂಸ್ಥೆಗಳು ನೌಕರರಿಗೆ ನೇಮಕಾತಿ ಪತ್ರ ಕೊಡಬೇಕು. ಪತ್ರ ಕೊಡದ ಆಸ್ಪತ್ರೆಯಿದ್ದರೆ ಕೇಳುವ ಹಕ್ಕಿದೆ. ರೋಗಿಯ ಮನೆ ಆ ಬಗೆಯ ಸಂಸ್ಥೆಯಲ್ಲ.

ತಾಯಂದಿರು ನಮ್ಮೊಡನೆ ನೇರವಾಗಿ ಕೇಳಲಾರದೆ ತಮ್ಮ ಹೆಂಡತಿಯರ ಮೂಲಕ ಕೇಳಿಸಬೇಕೆಂದು ಗಂಡಸರು ಹೇಳುವ, ಗಂಡಸರಿಂದಲೂ ಪೂರ್ತಿ ಹೊರಬಾರದ ಒಂದು ಭಯವಿದೆ. ಪರರ ಮನೆ, ರಾತ್ರಿಯ ವಾಸ, ಮನೆಯಲ್ಲಿ ಗಂಡಸರು. ಅದನ್ನು ಬಾಯಿಬಿಟ್ಟು ಹೇಳುವುದೇ ಒಳ್ಳೆಯದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಹತ್ತು ಮಂದಿಗಿಂತ ಕಡಿಮೆಯಿಲ್ಲದ ನೌಕರರಿರುವ ಆಸ್ಪತ್ರೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಮನೆಯಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಮೂರು ತಿಂಗಳು. ತುರ್ತಿಗೆ 112, ಮಹಿಳೆಯರ ಸಹಾಯಕ್ಕೆ 181. ಈ ಸಂಖ್ಯೆಗಳು ಹುಡುಗಿಯ ಫೋನಿನಲ್ಲಿ ಮಾತ್ರವಲ್ಲದೆ ಅವಳ ನೆನಪಿನಲ್ಲಿಯೂ ಇರತಕ್ಕದ್ದು, ಏಕೆಂದರೆ ಫೋನನ್ನು ಕಿತ್ತುಕೊಳ್ಳಬಹುದು. ಕೋಣೆಗೆ ಒಳಗಿನಿಂದ ಚಿಲಕ ಇಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಬಾರದು.

ಹುಡುಗರ ಬಗ್ಗೆಯೂ ಒಂದು ಮಾತು. ಇದು ಹೆಂಗಸರ ಕೆಲಸವೆಂದು ಯಾರು ವಿಧಿಸಿದರೋ ತಿಳಿಯದು. ಎಂಬತ್ತು ಕಿಲೋ ತೂಕದ ಪಾರ್ಶ್ವವಾಯು ಪೀಡಿತ ಗಂಡಸನ್ನು ಮೀಯಿಸಲು ಗಂಡು ಸಹಾಯಕನೇ ಬೇಕು, ಹುಡುಕಿದರೆ ಸಿಗುವುದಿಲ್ಲ. ಪ್ಲಸ್ ಟು ಮುಗಿಸಿ ಪೇಟೆಯ ಮೊಬೈಲ್ ಅಂಗಡಿಯೆದುರು ನಿಂತಿರುವ ನಮ್ಮ ಹುಡುಗರು ಇದನ್ನು ಯೋಚಿಸಬಾರದೇಕೆ?

ಆಸ್ಪತ್ರೆ ಮತ್ತು ಪರರ ಮನೆ ಇವೆರಡರ ನಡುವೆ ಕೇರಳದಲ್ಲಿ ಮೂರನೆಯದೊಂದು ದಾರಿಯೂ ಇದೆ. ಗಡಿಯಾಚೆಯ ನಮ್ಮ ನೆಂಟರಿಗೆ ಇದರ ಪರಿಚಯ ಕಡಿಮೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಮೊದಲಾದ ಉಪಶಮನ ಶುಶ್ರೂಷೆಯ ಚಳುವಳಿ ಊರೂರಿಗೆ ಹಬ್ಬಿ, 2008ರಲ್ಲಿ ರಾಜ್ಯ ಸರಕಾರ ಅದಕ್ಕೊಂದು ನೀತಿಯನ್ನೇ ಘೋಷಿಸಿತು. ಪಂಚಾಯತಿನ ನರ್ಸ್, ಆಶಾ ಕಾರ್ಯಕರ್ತೆ ಮತ್ತು ಊರಿನ ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಒಪ್ಪ ಮಾಡಿ, ಕೊಳವೆ ಬದಲಿಸಿ, ಮನೆಯವರಿಗೆ ಕಲಿಸಿ ಬರುತ್ತಾರೆ. ಇಲ್ಲಿ ಸಹಾಯಕಿಗೆ ನೇರ ಉದ್ಯೋಗ ದೊರೆಯುವುದೆಂದು ನಾವು ಹೇಳುತ್ತಿಲ್ಲ. ಆದರೆ ತರಬೇತಿ ಮುಗಿಸಿ ಕೆಲಸಕ್ಕಾಗಿ ಕಾದಿರುವ ಹುಡುಗಿ ಆ ವಾಹನದಲ್ಲಿ ಹತ್ತು ದಿನ ಸ್ವಯಂಸೇವಕಿಯಾಗಿ ಹೋಗಿಬಂದರೆ ಮನೆಯ ಶುಶ್ರೂಷೆ ಎಂದರೇನೆಂದು ಅವಳ ಕಣ್ಣಿಗೇ ಕಾಣುತ್ತದೆ. ನಮ್ಮ ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ಮಗ್ಗುಲು ಬದಲಿಸುತ್ತ, ಉಣ್ಣಿಸುತ್ತ ಬಂದ ತಾಯಂದಿರ ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ. ಸಹಾಯಕಿಯ ಕೆಲಸ ಕಲಿಯಬೇಕೆಂಬ ಹುಡುಗಿ ಅವರಲ್ಲೊಬ್ಬರ ಬಳಿ ಒಂದು ಮಧ್ಯಾಹ್ನ ಕುಳಿತರೂ ಸಾಕಷ್ಟು ಕಲಿತಾಳು.

ಗಡಿಯ ಮಾತು ಬಂದುದರಿಂದ ಇನ್ನೊಂದನ್ನು ನೆನಪಿಸುತ್ತೇವೆ. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಒಳದಾರಿಗಳಿಗೆ ಮಣ್ಣು ಸುರಿದಾಗ, ದಿನವೂ ಮಂಗಳೂರಿಗೆ ಹೋಗಿ ಬರುತ್ತಿದ್ದ ನಮ್ಮ ಮಕ್ಕಳು ಆಚೆಯವರು ಆಚೆ, ಈಚೆಯವರು ಈಚೆ ಉಳಿದರು. ರೋಗಿಗಳ ಸಂಕಟ ಎಲ್ಲರಿಗೂ ತಿಳಿದದ್ದೇ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶವಿತ್ತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈಚೆ ಉಳಿದ ಸಹಾಯಕಿಯರಿಗೆ ಆ ತಿಂಗಳ ಸಂಬಳ ಸಿಕ್ಕಿದೆಯೇ ಎಂದು ಯಾರೂ ಕೇಳಲಿಲ್ಲ. ಗಡಿಯಾಚೆ ಕೆಲಸ ಹಿಡಿಯುವವರು ಅಲ್ಲಿ ಹಾಸ್ಟೆಲು ಸಿಗುತ್ತದೆಯೇ ಎಂಬುದನ್ನು ವಿಚಾರಿಸಿಟ್ಟಿರಬೇಕು. ದಿನವೂ ಬಳಸದಿದ್ದರೂ ಆದೀತು.

ಇಷ್ಟನ್ನೂ ತೂಗಿ ನೋಡಿ ನಾವು ಹೆತ್ತವರಿಗೆ ಹೇಳುತ್ತ ಬಂದಿರುವುದು ಹೀಗೆ. ತರಬೇತಿ ಈಗಷ್ಟೇ ಮುಗಿಸಿದ ಹುಡುಗಿಯನ್ನು, ಮನೆಯಲ್ಲಿ ತೀರಾ ಇಕ್ಕಟ್ಟಿಲ್ಲದಿದ್ದರೆ, ಮೊದಲು ಆಸ್ಪತ್ರೆಗೆ ಕಳುಹಿಸಿ. ಸಾಧ್ಯವಿದ್ದರೆ ಎರಡು ವರ್ಷ, ಒಂದಾದರೂ ಪೂರ್ತಿ ವರ್ಷ. ಅದರಲ್ಲಿ ಮೆಡಿಕಲ್ ವಾರ್ಡಿನಲ್ಲಿ ಕೆಲವು ತಿಂಗಳು ಸಿಗುವಂತೆ ಇನ್‌ಚಾರ್ಜ್ ಸಿಸ್ಟರನ್ನು ಕೇಳಿಕೊಳ್ಳಲಿ. ಸೇರುವ ಮುನ್ನ ಹೆಪಟೈಟಿಸ್ ಬಿ ಚುಚ್ಚುಮದ್ದು ಹಾಕಿಸಬೇಕು. ಮೂರು ಸಲದ್ದು, ಮೊದಲನೆಯದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅನಂತರ ಅವಳಿಗೆ ಒಬ್ಬರೇ ರೋಗಿಯ ಶಾಂತವಾದ ಕೆಲಸ ಹಿಡಿಸೀತೆಂದು ತೋರಿದರೆ ಮನೆಗೆ ಹೋಗಲಿ. ಆಗ ಅವಳು ಹೋಗುವುದು ಬೇಡಿಕೊಂಡಲ್ಲ, ಷರತ್ತು ಹಾಕಿ. ಹುಡುಗಿಯ ಸ್ವಭಾವವೂ ಮುಖ್ಯ. ಹತ್ತು ಜನರ ನಡುವೆ ಅರಳುವವಳನ್ನು ಒಬ್ಬ ಮುದುಕರ ಕೋಣೆಯಲ್ಲಿ ಕೂಡಿಹಾಕಿದರೆ ಬಾಡುತ್ತಾಳೆ. ಗಲಾಟೆಯಲ್ಲಿ ಕೈಕಾಲು ಬಿಡುವವಳು ಮನೆಯ ಮೌನದಲ್ಲಿ ದೇವರಂತೆ ಸೇವೆ ಮಾಡಿಯಾಳು. ಇದನ್ನು ಅವಳ ತಾಯಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಏಜೆನ್ಸಿಯವರೊಡನೆ ಮಾತಾಡುವಾಗ ಹುಡುಗಿಯೊಬ್ಬಳನ್ನೇ ಕಳುಹಿಸದೆ ದೊಡ್ಡವರೊಬ್ಬರು ಜೊತೆಗಿರಿ. ರೋಗಿಗೆ ಏನು ಕಾಯಿಲೆ, ಕೊಳವೆಗಳಿವೆಯೇ, ತೂಕವೆಷ್ಟು, ಎತ್ತಲು ಇನ್ನೊಬ್ಬರಿದ್ದಾರೆಯೇ ಎಂಬುದನ್ನು ಕೇಳಿ. ಮನೆಯಲ್ಲಿ ಯಾರು ಯಾರು ವಾಸವಿದ್ದಾರೆ, ರಾತ್ರಿ ಯಾರಿರುತ್ತಾರೆ, ತಿಂಗಳಿಗೆ ಎಷ್ಟು ರಜೆ, ಆ ದಿನ ಬದಲಿಗೆ ಯಾರು ಬರುತ್ತಾರೆ? ಅಡಿಗೆ ಮಾಡಬೇಕಾದುದು ರೋಗಿಗೆ ಮಾತ್ರವೋ, ಮನೆಮಂದಿಗೆಲ್ಲವೋ? ಈ ಕೊನೆಯ ಪ್ರಶ್ನೆಯಿಂದಲೇ ಅರ್ಧ ಜಗಳ ತಪ್ಪುತ್ತದೆ. ಸಂಬಳ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೇ ಬರಲಿ, ಏಜೆನ್ಸಿಯ ಪಾಲು ಎಷ್ಟೆಂದು ಕಾಗದದಲ್ಲಿ ಬರೆದಿರಲಿ. ರೋಗಿಯ ಡಾಕ್ಟರ ಹೆಸರು ಮತ್ತು ಫೋನು, ಹತ್ತಿರದ ನೆರೆಮನೆಯವರ ಫೋನು, 108, ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ರೋಗಿಯ ಕೋಣೆಯ ಗೋಡೆಗೆ ಅಂಟಿಸುವುದು ಅವಳ ಮೊದಲ ದಿನದ ಕೆಲಸವಾಗಲಿ.

ಎಸ್.ಎಸ್.ಎಲ್.ಸಿ.ಯ ಮೂಲ ಪ್ರಮಾಣಪತ್ರವನ್ನು ಏಜೆನ್ಸಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಕೊಟ್ಟು ಬರಬಾರದು. "ಒಂದು ವರ್ಷ ಇಲ್ಲೇ ಇರಲಿ, ಬಿಡುವಾಗ ಕೊಡುತ್ತೇವೆ" ಎಂಬ ಮಾತನ್ನು ನಂಬಿ ಕೊಟ್ಟು, ಮತ್ತೆ ಅದನ್ನು ಬಿಡಿಸಿಕೊಳ್ಳಲು ನಾಲ್ಕು ಸಲ ಬಸ್ಸು ಹತ್ತಿದ ಒಬ್ಬ ತಾಯಿಯನ್ನು ನಾವು ಬಲ್ಲೆವು. ತೋರಿಸಿ, ನಕಲು ಕೊಟ್ಟು, ಮೂಲವನ್ನು ಹಿಂದೆ ತನ್ನಿ. ನಕಲಿಗೆ ದೃಢೀಕರಣದ ಸಹಿ ಬೇಕಿದ್ದರೆ ಶಾಲೆಗೆ ಬರಬಹುದು. ಬೆಳಿಗ್ಗೆ ಒಂಬತ್ತೂವ್ವರೆಯಿಂದ ನಾವು ಅಲ್ಲೇ ಇರುತ್ತೇವೆ, ಮೊಹರಿಗೆ ಶುಲ್ಕವಿಲ್ಲ.